ಸಾಲು ಹದಿನೇಳು, ಸೀಟು ನೂರಾ ನಾಲ್ಕು

ಮಾರಿದ್ದು ನಾನೇ. ಮೊದಲು ಅದನ್ನು ಹೇಳಿಬಿಡುತ್ತೇನೆ,
ಕಾರಣ ಬೇಕಾದರೆ ಆಮೇಲೆ ಕೇಳಿ.

ಹನ್ನೊಂದು ವರ್ಷ ಆ ಸೀಟು ನನ್ನದು.
ಮೊದಲ ಸಲ ಕೊಂಡಾಗ ಒಂದು ತಿಂಗಳ ಓವರ್‌ಟೈಮ್ ಪೂರಾ ಹೋಯಿತು;
ಕಸ್ತೂರಿಗೆ ಅರ್ಧ ಬೆಲೆ ಹೇಳಿದ್ದೆ.
ಆಗಸ್ಟಿನಿಂದ ಮೇವರೆಗೆ ಶೆಫೀಲ್ಡಿನ ಏರು ಹತ್ತಿ,
ಸೊಂಟಕ್ಕೆ ಬಡಿಯುವ ಕಬ್ಬಿಣದ ಗೇಟು ತಳ್ಳಿ,
ತಣ್ಣನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ಸೋಲುಗಳನ್ನು ಹೊಟ್ಟೆ ತುಂಬ ಉಂಡಿದ್ದೇನೆ.
ಗೆಲುವೂ ಇತ್ತು, ಎಲೆಯ ತುದಿಯ ಉಪ್ಪಿನಷ್ಟು.

ಎಡಕ್ಕೆ ಬ್ರೆಂಡಾ. ಎಪ್ಪತ್ತೆರಡು. ಮೊಣಕಾಲಿಗೆ ಕಂಬಳಿ,
ಫ್ಲಾಸ್ಕಿನಲ್ಲಿ ಚಹಾ, ಬಾಯಲ್ಲಿ ರೆಫರಿಯ ವಂಶಾವಳಿ.
ಅವಳ ಮನೆ ಎಲ್ಲಿ, ನನಗೆ ಗೊತ್ತಿಲ್ಲ.
ನನ್ನ ಹೆಸರನ್ನು ಅವಳು ಪೂರ್ತಿ ಅಂದದ್ದಿಲ್ಲ.
ಗೋಲಾದರೆ ಮಾತ್ರ ಎದ್ದು ತಬ್ಬಿಕೊಳ್ಳುತ್ತಿದ್ದೆವು,
ಆಟ ಮುಗಿದರೆ ಮತ್ತೆ ಯಾರೋ, ಯಾರೋ.

ಹಿಂದೆಯೂ ಮಾರಿದ್ದುಂಟು, ನ್ಯಾಯವಾಗಿ:
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಬಿದ್ದ ಮಂಗಳವಾರ
ಕ್ಲಬ್ಬಿನ ಮೂಲಕವೇ, ಕೊಂಡ ಬೆಲೆಗೆ, ಇಪ್ಪತ್ತೇಳು ಪೌಂಡು.
ಒಮ್ಮೆ ಯಾವನೋ ಹುಡುಗ ಸೀಟಿನಡಿ ಚೀಟಿ ಅಂಟಿಸಿ ಹೋಗಿದ್ದ:
'ಥ್ಯಾಂಕ್ಸ್. ನನ್ನ ಮೊದಲ ಮ್ಯಾಚು. ಸೋತೆವು.'

ಆ ಮೇ ತಿಂಗಳು ಬಾಯ್ಲರ್ ಸತ್ತಿತು.
ಕಸ್ತೂರಿ ಕೆಟಲ್ಲಿನಲ್ಲಿ ನೀರು ಕಾಯಿಸಿ ಕಾಯಿಸಿ
ಮಗುವಿನ ಸ್ನಾನಕ್ಕೆ ಬಕೆಟ್ಟು ತುಂಬುತ್ತಿದ್ದಳು,
ಏನೂ ಅನ್ನದೆ. ಅನ್ನದಿದ್ದುದೇ ಜೋರಾಗಿ ಕೇಳುತ್ತಿತ್ತು.
ಅದೇ ವಾರ ಪ್ಲೇಆಫ್. ಊರಿಗೆ ಊರೇ
ಟಿಕೆಟ್ಟಿಗಾಗಿ ಬಾಯಿ ಬಿಡುತ್ತಿತ್ತು.

ಬೆಳಗಾವಿಯಲ್ಲಿ, ಟಾಕೀಸಿನ ಕಾಂಪೌಂಡಿಗೆ ಒರಗಿ
ತುಟಿ ಅಲುಗಿಸದೆ ಬಾಲ್ಕನಿ ಬಾಲ್ಕನಿ ಅನ್ನುತ್ತಿದ್ದ
ದಸ್ತಗೀರನನ್ನು ಹುಡುಗರೆಲ್ಲ ಬೈಯುತ್ತಿದ್ದೆವು:
ಐದರ ಟಿಕೆಟ್ಟು ಹದಿನೈದಕ್ಕಾ! ನಿನ್ನ ಬಾಯಾಗ ಹುಳ ಬೀಳಲಿ!
ಅವನು ನಗುತ್ತಿದ್ದ. 'ನಾ ಒಂದೂ ಸಿನಿಮಾ ನೋಡಿಲ್ರೋ.
ನೋಡಿದರ ಮಾರಾಕ ಮನಸಾಗೂದಿಲ್ಲ.'

ಟ್ರಾಮ್ ನಿಲ್ದಾಣದ ಹಿಂದೆ ನನ್ನ ತುಟಿಯೂ ಅಲುಗಲಿಲ್ಲ.
ನಾನೂರು, ಅಂದೆ.
ಹೊಸ ಜಾಕೆಟ್ಟಿನವನು ಚೌಕಾಸಿಯನ್ನೂ ಮಾಡದೆ ಎಣಿಸಿದ.
ಹನ್ನೊಂದು ವರ್ಷ ಸವೆದ ಕಾರ್ಡು ಅವನ ಅಂಗೈಗೆ ಹೋಯಿತು,
ಮ್ಯಾಚು ಮುಗಿದ ಮೇಲೆ ಇಲ್ಲೇ ವಾಪಸು ಎಂಬ ಕರಾರಿನೊಂದಿಗೆ.

ಆ ರಾತ್ರಿ ನಾನು ಸ್ಟೇಡಿಯಮ್ಮಿನ ಗೋಡೆಯಾಚೆ
ಚಿಪ್ಸ್ ಅಂಗಡಿಯ ವಿನಿಗರ್ ವಾಸನೆಯಲ್ಲಿ ನಿಂತು
ಸದ್ದಿನಿಂದಲೇ ಆಟ ನೋಡಿದೆ.
ಇದು ಕಾರ್ನರ್. ಇದು ಆಫ್‌ಸೈಡ್.
ಇದು ಕಂಬಕ್ಕೆ ಬಡಿದದ್ದು. ಇದು ಖಂಡಿತ ಬ್ರೆಂಡಾ ಬೈದದ್ದು.
ತೊಂಬತ್ತೊಂದನೇ ನಿಮಿಷ
ಸಾವಿರ ಸಾವಿರ ಗಂಟಲು ಒಂದೇ ಬಾಗಿಲನ್ನು ಒದ್ದು ತೆರೆದವು.
ಅಂಗಡಿಯವನು ಎಣ್ಣೆಯಿಂದ ತಲೆಯೆತ್ತಿ, ಗೆದ್ದಿರಾ, ಅಂದ.
ನನ್ನ ಕೈಗಳು ಅರ್ಧ ಮೇಲೆದ್ದು
ಪಕ್ಕದಲ್ಲಿ ಯಾರೂ ಇಲ್ಲವೆಂದು ಕಂಡು ಜೇಬಿಗೆ ಇಳಿದವು.
ಅಲ್ಲಿ ನೋಟುಗಳಿದ್ದವು. ಬೆಚ್ಚಗೇ ಇದ್ದವು.

ಬಾಯ್ಲರ್ ಹೊತ್ತಿತು.
ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ,
ನಮ್ಮ ಮನೆಯಲ್ಲಿ ಅದು ನೀಲಿಯಾಗಿ ಉರಿಯುತ್ತಿತ್ತು.
ಮಗು ಬಿಸಿನೀರಿಗೆ ಕೈ ಬಡಿದು ನಕ್ಕಿತು.
ಅದನ್ನೂ ಲೆಕ್ಕಕ್ಕೆ ಹಿಡಿಯಿರಿ; ನಾನು ಹಿಡಿದಿದ್ದೇನೆ.

ಆಗಸ್ಟಿನಲ್ಲಿ ಬ್ರೆಂಡಾ ಕಂಬಳಿ ಸರಿಸಿ ಜಾಗ ಮಾಡಿದಳು.
ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ, ಮೈದಾನದಿಂದ ಕಣ್ಣು ಕೀಳದೆ:
'ನಿನ್ನ ಜಾಗದವನು ಗೋಲಾದಾಗ ಫೋನು ಎತ್ತಿ ಹಿಡಿದ.
ನಾನು ತಿರುಗಿದ್ದೆ, ಕೈ ಚಾಚಿ.
ಮುಂದಿನ ಸಾಲಿನ ಕಾಲಿನ್‌ನ ಬೆನ್ನು ಸಿಕ್ಕಿತು. ಅದನ್ನೇ ತಬ್ಬಿದೆ.'

ಎಷ್ಟಕ್ಕೆ ಕೊಟ್ಟೆ, ಕೇಳಿದಳು.
ಹೇಳಿದೆ.
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನತ್ತ ಚಾಚಿ,
ಅಗ್ಗಕ್ಕೆ ಹೋಯಿತು, ಅಂದಳು.

ಆ ದಿನ ಸೊನ್ನೆ, ಸೊನ್ನೆ.
ಎದ್ದು ನಿಲ್ಲುವ ಪ್ರಸಂಗವೇ ಬರಲಿಲ್ಲ.