ಒಗೆತದ ಲೆಕ್ಕ

ಆಟ ನಾನು ನೋಡಿದವಳಲ್ಲ.
ಆಂಡರ್ಸನ್‌ಪೇಟೆಯ ಹಿತ್ತಲಲ್ಲಿ ನನ್ನದೊಂದು ಕಲ್ಲು,
ಎರಡು ಬಾನಿ, ನೊರೆ ಕಟ್ಟದ ಬೋರಿನ ಗಡಸು ನೀರು.
ಹದಿನಾರು ಅಂಗಿ, ಹದಿನಾರು ಚಡ್ಡಿ, ಮೂವತ್ತೆರಡು ಕಾಲುಚೀಲ
ಗೋಣಿಯಲ್ಲಿ ಬಂದು ಬೀಳುತ್ತಿದ್ದವು.
ಬಾಯಿ ಬಿಚ್ಚಿದರೆ ಸಾಕು,
ಆಟ ಹೇಗಾಯಿತೆಂದು ಅವೇ ಹೇಳುತ್ತಿದ್ದವು.

ಅತ್ತೆ ಕಲಿಸಿದ್ದು ಇದು.
ಗಣಿ ನಡೆಯುವ ಕಾಲಕ್ಕೆ ಅವಳು
ಮಾವನ ಅಂಗಿ ಮೂಸಿ ಹೇಳುತ್ತಿದ್ದಳಂತೆ
ಇವತ್ತು ಎಷ್ಟು ಆಳಕ್ಕೆ ಇಳಿಸಿದರೆಂದು.
ಸೈರನ್ ನಿಂತಿತು, ಕೇಜು ತುಕ್ಕು ಹಿಡಿಯಿತು,
ಮೂಗು ಮಾತ್ರ ನನಗೆ ಬಂತು.

ಮೊದಲ ಸುತ್ತು ಇಲ್ಲೇ, ನಮ್ಮ ಮೈದಾನದಲ್ಲೇ.
ಸೈನೈಡ್ ದಿಬ್ಬದಿಂದ ಗಾಳಿ ಹೊತ್ತು ತರುವ ಬೂದು ಹುಡಿ,
ಝಾಡಿಸಿದರೆ ಅರ್ಧ ಹೋಯಿತು, ನೀರಿಗೆ ಇನ್ನರ್ಧ.
ಸಲೀಸು ಗೆಲುವು.
ಎರಡನೆಯದು ಗದಗದ ಎರೆಮಣ್ಣು,
ಹಕ್ಕಳೆ ಕಟ್ಟಿತ್ತು, ಚಮಚದಲ್ಲಿ ಕೆರೆದೆ.
ಕಣ್ಣೂರಿನಿಂದ ಹಸಿ ಹುಲ್ಲಿನ ಪಸೆ,
ಜೊತೆಗೆ ಅಮಲದಾಸನ ತೋಳಿನ ಮೇಲೆ ರಕ್ತ.
ರಕ್ತಕ್ಕೆ ತಣ್ಣೀರು, ಉಪ್ಪು.
ಬಿಸಿನೀರು ಹುಯ್ದಿರೋ, ಅದು ಅಲ್ಲೇ ಮನೆ ಮಾಡುತ್ತದೆ.

ಸೋತರೆ ಆವತ್ತೇ ಮೂಟೆ ಕಟ್ಟಬೇಕು, ಇನ್ನೊಂದು ಚಾನ್ಸಿಲ್ಲ
ಎಂದರು ಕಾರ್ಯದರ್ಶಿ ರತ್ನಂ ಮೇಷ್ಟ್ರು. ನಗು ಬಂತು.
ಗೆದ್ದರೂ ಮೂಟೆ ಕಟ್ಟುತ್ತೀರಲ್ಲ ಸ್ವಾಮಿ,
ಕಟ್ಟಿ ಇಲ್ಲಿಗೇ ತರುತ್ತೀರಲ್ಲ.

ಇಪ್ಪತ್ತೊಂದನೇ ನಂಬರು ಒಂದಿತ್ತು, ಹಳದಿ.
ಗುಣಶೀಲನದು. ಕೀಪರಿಗೆ ಏನಾದರೂ ಆದರೆ ಇರಲಿ ಎಂದು
ಕೂರಿಸಿಕೊಂಡ ಹುಡುಗ.
ಕೀಪರಿಗೆ ಏನೂ ಆಗುತ್ತಿರಲಿಲ್ಲ.
ಹೋದ ಮಡಿಕೆಯಲ್ಲೇ ಅಂಗಿ ವಾಪಸು ಬರುತ್ತಿತ್ತು,
ಬೆವರಿಲ್ಲ, ಬೆನ್ನಿಗೆ ಬೆಂಚಿನ ಬಣ್ಣದ ಒಂದು ಗೆರೆ.
ಅದನ್ನೂ ಒಗೆದೆ.
ಒಗೆಯದೆ ಕೊಟ್ಟರೆ
ನನಗೆ ಗೊತ್ತೆಂದು ಅವನಿಗೆ ಗೊತ್ತಾಗುತ್ತದಲ್ಲ.

ಗೋವಾದ ಕೆಂಪು ಬಂದ ವಾರ,
ಮೂರು ನೀರು ಬದಲಿಸಿದರೂ ಬಿಡದ ಮೊಂಡು ಕೆಂಪು,
ನಾಲ್ಕನೇ ಗೆಲುವು, ರಾಬರ್ಟ್‌ಸನ್‌ಪೇಟೆ ತುಂಬ ಪಟಾಕಿ,
ಹಳದಿಯ ಮೊಣಕೈಗೂ ಚೂರು ಹತ್ತಿತ್ತು.
ಬೆರಳಲ್ಲಿ ಮುಟ್ಟಿದೆ.
ಉಜ್ಜಿಕೊಂಡ ಮಣ್ಣು, ಬಿದ್ದ ಮಣ್ಣಲ್ಲ.
ಯಾರಿಗೂ ಹೇಳಲಿಲ್ಲ.

ಆಮೇಲೆ ಕೊಲ್ಕತ್ತಾ.
ಇಡೀ ದೇಶದಲ್ಲಿ ಎಂಟೇ ತಂಡ ಉಳಿದಿದ್ದವಂತೆ,
ಅದರಲ್ಲೊಂದರ ಬಟ್ಟೆ ನನ್ನ ಬಾನಿಯಲ್ಲಿ!
ಮುಂದಿನ ಸುತ್ತಿಗೂ ಆಗಲಿ ಎಂದು
ಎರಡು ಬಾರ್ ಸೋಪು ತಂದೆ, ಚಡ್ಡಿಗೆ ನೀಲಿ, ಸಾಲ ಹೇಳಿ.

ಎರಡು ಹಗಲು ಎರಡು ರಾತ್ರಿ ರೈಲಲ್ಲಿ ಕೂತು
ಬಂಗಾರಪೇಟೆಯಲ್ಲಿ ಇಳಿದ ಗೋಣಿ ಹುಳಿ ನಾರುತ್ತಿತ್ತು.
ನದಿಯ ಮೆಕ್ಕಲಿನಂಥ ನುಣ್ಣನೆ ಕೆಸರು,
ಒಣಗಿ ನೆನೆದು ಮತ್ತೆ ಒಣಗಿದ್ದು.
ಬಹಳ ಹೊತ್ತು ಆಡಿದ್ದಾರೆ.
ಕೀಪರನ ಅಂಗಿ ಹೆಗಲ ಬಳಿ ಕತ್ತರಿಯಲ್ಲಿ ಸೀಳಿತ್ತು.
ತಳದಲ್ಲಿ ಹಳದಿ.

ಎಡಗಡೆ ಮಾತ್ರ ಕೆಸರು, ಕಂಕುಳಿಂದ ಸೊಂಟದವರೆಗೆ,
ಒಂದರ ಮೇಲೊಂದು, ಐದು ಪದರ.
ಬಲಗಡೆ ನಾನು ಮಡಿಸಿ ಕೊಟ್ಟ ಹಾಗೇ.
ಪಕ್ಕೆಲುಬಿನ ಮೇಲೊಂದು ಕಡೆ
ದುಂಡಗೆ, ಚೆಂಡಿನ ಹೊಲಿಗೆಯ ಗುರುತು.

ಪೆನಾಲ್ಟಿ ಅಂದರೇನೆಂದು ಮೇಷ್ಟ್ರು ಆಮೇಲೆ ಬಿಡಿಸಿ ಹೇಳಿದರು.
ಅಷ್ಟರಲ್ಲಿ ನನಗೆ ಗೊತ್ತಿತ್ತು,
ಹುಡುಗ ಐದು ಸಲವೂ ಎಡಕ್ಕೆ ಹಾರಿದ್ದಾನೆ,
ನಾಲ್ಕು ಸಲ ಚೆಂಡು ಅಲ್ಲಿರಲಿಲ್ಲ.

ಐದು ಸುತ್ತಿನ ದುಡ್ಡು ಇನ್ನೂ ಬರಬೇಕು.
ಒಂದು ಬಾರ್ ಸೋಪು ಕಾಗದ ಸಮೇತ ಗೂಡಿನಲ್ಲಿದೆ.

ಸಂಜೆ ಗುಣಶೀಲ ಬಂದ, ಬೇಲಿಯಾಚೆಯಿಂದಲೇ ಕೇಳಿದ,
ಒಗೆದಾಯ್ತಾ ಪಾಪಕ್ಕಾ?
ಇಲ್ಲಪ್ಪ, ನಿನ್ನದು ಇನ್ನೂ ನೆನೆ ಹಾಕಿಲ್ಲ.
ಒಳಗೆ ಬಂದು ಬಾನಿಯ ಕಟ್ಟೆ ಮೇಲೆ ಕೂತ.
ಮಾತಾಡಲಿಲ್ಲ.
ನಾನು ಉಳಿದ ಹದಿನೈದನ್ನು ಒಗೆದೆ.