ಹರಿದ ಸ್ಪೀಕರ್

ಉಮ್ಲಾಝಿಯಿಂದ ಡರ್ಬನ್ನಿಗೆ ನನ್ನದು ಹದಿನಾರು ಸೀಟಿನ ವ್ಯಾನು.
ಹಿಂದಿನ ಸೀಟಿನ ಹುಡುಗ, ಲ್ವಾಂಡಿಲೆ,
ಚಿಲ್ಲರೆ ಸಾಲದೆ ಪೆನ್‌ಡ್ರೈವ್ ಚಾಚಿದ:
"ಮಾಮಾ, ಒಂದ್ಸಲ ಹಾಕು."

ಹಾಕಿದೆ. ಮಾತಿಲ್ಲ, ಬರೀ ಎದೆಗೆ ಗುದ್ದುವ ತಾಳ.
ಬಲಗಡೆ ಸ್ಪೀಕರ್ ಹರಿದಿತ್ತು, ಗರ್‌ರ್ ಅಂತಿತ್ತು.
ಇಳಿಯಬೇಕಾದವರು ಇಳಿಯಲಿಲ್ಲ.
ನರ್ಸ್ ತೊಬೆಕಾ ಆಸ್ಪತ್ರೆ ದಾಟಿ ಹೋಗಿ
ಮುಂದಿನ ಸ್ಟಾಪಿನಿಂದ ನಗುತ್ತ ಹಿಂದಕ್ಕೆ ನಡೆದಳು.

ಆಮೇಲೆ ಬರ್ಲಿನ್, ಇಬಿಝಾ, ಸಾವೊ ಪಾಲೊ
ಅವನ ಸ್ಟಾಪುಗಳು.

ಮೊನ್ನೆ ಯಾರದೋ ಫೋನಲ್ಲಿ ನೋಡಿದೆ:
ಅರವತ್ತು ಸಾವಿರ ಕೈ ಮೇಲೆ,
ಅವನು ಎಲ್ಲ ನಿಲ್ಲಿಸಿಬಿಟ್ಟ.
ಒಂದುಸಿರು.
ಮತ್ತೆ ಬಂತು ನೋಡಿ, ಬಲಗಡೆಯಿಂದ,
ಗರ್‌ರ್.
ಯಾವಾಗ ಕದ್ದನೋ ಕಳ್ಳ!

ಹೊಸ ಸ್ಪೀಕರ್ ತಂದು ತಿಂಗಳಾಯಿತು.
ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ.