ಹದಿನೆಂಟು ಬುಟ್ಟಿ, ಹನ್ನೊಂದು ನೀರು

ನಿನ್ನೆಯಷ್ಟೇ ಬಣ್ಣ ಬಳಿದ ಫಲಕ, ಕೈಯಿಟ್ಟರೆ ಇನ್ನೂ ಅಂಟುತ್ತದೆ.
ವಾರಿಸ್‌ನೆವಾ ಡಿಸ್ಕ್ ಗಾಲ್ಫ್. ನಕ್ಷೆಯ ತುಂಬ ನೀಲಿ,
ಯಾವುದೋ ಮಗು ಶಾಯಿ ಚೆಲ್ಲಿ ಓಡಿಹೋದಂತೆ.
"ಇಷ್ಟೊಂದು ನೀರು ಯಾರಪ್ಪ ತಂದದ್ದು?" ಎಂದಳು ತುಯಿಯಾ.
ರೌನೊ ಮೀಸೆಯೊಳಗೇ ಏನೋ ಅಂದ.
ಆಮೇಲೆ ತಿಳಿಯಿತು, ಅವನು ಅಂದದ್ದು: "ನಾನು."

ಮೊದಲ ಬುಟ್ಟಿಗೆ ಬರೀ ಒಂದು ಕಾಲುವೆ. ದಾಟಿದೆವು.
ಎರಡನೆಯದಕ್ಕೆ ಎಡಗಡೆ ಹೊಂಡ. ನನ್ನದು ಎಡಕ್ಕೇ ವಾಲುವ ಕೈ,
ಮೂವತ್ತು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ,
ರಸ್ತೆಯ ಮೇಲಾದರೆ ನೆಟ್ಟಗಿರುತ್ತದೆ.
ಕಿತ್ತಳೆ ಡಿಸ್ಕು ಗಾಳಿಯಲ್ಲಿ ಒಂದು ಗಳಿಗೆ ನಿಂತು,
ಮನಸ್ಸು ಬದಲಿಸಿ,
ಬುಳಕ್.

ಅಷ್ಟೇ ಸದ್ದು. ಕಪ್ಪು ಕಷಾಯದಂಥ ನೀರು
ಬಾಯಿ ತೆರೆದದ್ದೂ ಕಾಣಲಿಲ್ಲ, ಒರೆಸಿಕೊಂಡದ್ದೂ ಕಾಣಲಿಲ್ಲ.
"ದಂಡ ಒಂದು," ಎಂದ ಏಲಿಸ್, ತುಯಿಯಾಳ ತಂಗಿಯ ಮಗ,
ಹನ್ನೊಂದು ವರ್ಷ, ಪೆನ್ಸಿಲಿನ ತುದಿ ನೆಕ್ಕಿ, ನ್ಯಾಯಾಧೀಶನ ಹಾಗೆ.

ನಾಲ್ಕು. ಐದು. ಏಳು.
ನೀರಲ್ಲಿ ಹೋಮವೆಂದರೆ ಇದೇ:
ಹದಿನೈದು ಯೂರೋದ ತಟ್ಟೆ, ಇಪ್ಪತ್ತರ ತಟ್ಟೆ,
ಗಂಡನಿಗೆ ಹೇಳದೆ ತುಯಿಯಾ ಕೊಂಡ, ಒಳಗೆ ಮಿನುಗುಪುಡಿ ಇರುವ ತಟ್ಟೆ.
ಏಳನೆಯದರ ಹೊತ್ತಿಗೆ ಅವಳು ಬೈಯುವುದನ್ನೂ ಬಿಟ್ಟಳು.
ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಕಲಿತ ಮೌನ ಅದು,
ಸೊಳ್ಳೆಗಳಿಗೆ ಮಾತ್ರ ಕೇಳಿಸುವಂಥದ್ದು.

ರೌನೊ ಎಸೆಯುವ ಮುಂಚೆ ನೋಡುತ್ತಿದ್ದದ್ದು ನೀರನ್ನು,
ಬುಟ್ಟಿಯನ್ನಲ್ಲ.
"ಇದು ನಾಲ್ಕು ಮೀಟರ್. ಅದು ಆರೂವರೆ,
ಎಂಬತ್ತೇಳರಲ್ಲಿ ಅಲ್ಲೇ ನನ್ನ ಯಂತ್ರದ ಹಲ್ಲು ಮುರಿದದ್ದು."
ಇಪ್ಪತ್ತಾರು ಬೇಸಿಗೆ ಜೌಗಿನ ಪೀಟ್ ಮಣ್ಣು ಅಗೆದು, ಒಣಗಿಸಿ,
ಊರಿನ ಬಾಯ್ಲರಿಗೆ ಕಳಿಸಿದವನು.
ಶಾಲೆಯ ಕೋಣೆ, ತುಯಿಯಾಳ ವಾರ್ಡು, ನನ್ನ ಬಸ್ಸಿನ ಶೆಡ್ಡು
ಎಲ್ಲಕ್ಕೂ ಈ ಗುಂಡಿಗಳಿಂದಲೇ ಹೊರಟ ಬಿಸಿ.
ಒಂದು ದಿನ ಪಂಪು ನಿಲ್ಲಿಸು ಅಂದರು. ನಿಲ್ಲಿಸಿದ.
ನೀರು ತಾನಾಗಿ ಬಂತು. ಯಾರೂ ಕರೆಯಬೇಕಾಗಲಿಲ್ಲ.

ಹತ್ತನೆಯದರಲ್ಲಿ ಕಾಫಿ. ಹುಡುಗ ಕೇಳಿದ:
"ಒಳಗೆ ಬಿದ್ದ ಡಿಸ್ಕುಗಳು ಏನಾಗುತ್ತವೆ?"
"ಏನೂ ಆಗುವುದಿಲ್ಲ. ಈ ಮಣ್ಣು ಮರವನ್ನೇ ಕೊಳೆಯಲು ಬಿಡುವುದಿಲ್ಲ.
ನನಗೊಮ್ಮೆ ಹಳೇ ಕಾಲದ ಸ್ಕೀ ಹಲಗೆ ಸಿಕ್ಕಿತ್ತು, ಒಂದೇ ಒಂದು.
ಮ್ಯೂಸಿಯಮ್ಮಿನವರು ಬಂದು, ಮಲಗಿದ ಮಗುವನ್ನು ಎತ್ತುವ ಹಾಗೆ
ಎತ್ತಿಕೊಂಡು ಹೋದರು.
ಇನ್ನೊಂದು ಕಾಲಿನದು ಇಲ್ಲೇ ಎಲ್ಲೋ ಇದೆ."

ಹಾಗಾದರೆ ಸಾವಿರ ವರ್ಷದ ಮೇಲೆ ಯಾರೋ ಅಗೆದಾರು,
ಕಿತ್ತಳೆ, ಗುಲಾಬಿ, ಮಿನುಗು, ಒರೆಸಿ ಸಾಲಾಗಿ ಇಟ್ಟಾರು,
ನೀರಿಗೆ ಹರಕೆ ಬಿಟ್ಟ ಎಡೆತಟ್ಟೆ ಎಂದಾರು,
ಬೆನ್ನ ಮೇಲೆ ನಾನು ಮಾರ್ಕರಿನಲ್ಲಿ ಬರೆದ ಫೋನ್ ನಂಬರನ್ನು
ಮಂತ್ರವೆಂದು ಓದಲು ತಡವರಿಸಿಯಾರು.
ಅಷ್ಟೇನೂ ತಪ್ಪಲ್ಲ.

ಹದಿನಾಲ್ಕನೆಯದು ದ್ವೀಪ.
ಸುತ್ತ ನೀರು, ನಡುವೆ ಬುಟ್ಟಿ, ಪಕ್ಕದಲ್ಲೊಂದು ಕುಳ್ಳ ಪೈನ್ ಮರ.
ರೌನೊನ ಕೊನೆಯ ಡಿಸ್ಕು, ಹಳದಿ, ಬಾಡಿಗೆಗೆ ತಂದದ್ದು,
ಅಂಚು ಮುಟ್ಟದೆ ಇತ್ತಲೇ ಬಿತ್ತು.
ಅವನು ಬೂಟು ಕಳಚಿದ. ಕಾಲುಚೀಲ ಮಡಿಸಿ ಬೂಟಿನೊಳಗಿಟ್ಟ.
"ಆಳ, ರೌನೊ, ಆಳ!" ಎಂದಳು ತುಯಿಯಾ, ನರ್ಸಿನ ದನಿಯಲ್ಲಿ.
ನಡೆದೇಬಿಟ್ಟ.

ಮೀನಖಂಡದವರೆಗೆ ನೀರು. ಅದಕ್ಕಿಂತ ಮೇಲೇರಲಿಲ್ಲ.
ಹತ್ತು ಹೆಜ್ಜೆ ನೇರ, ಆಮೇಲೆ ಎಲ್ಲೋ ಬಲಕ್ಕೆ ತಿರುಗಿದ,
ಕರೆಂಟು ಹೋದಾಗ ತನ್ನದೇ ಅಡುಗೆಮನೆಗೆ ಹೋಗುವವನ ಹಾಗೆ.
ಯಂತ್ರ ಓಡಾಡಲು ದಿಮ್ಮಿ ಹಾಸಿದ ದಾರಿ ಕೆಳಗೆ ಹಾಗೇ ಇತ್ತು,
ನಕ್ಷೆ ಬರೆದವರಿಗೆ ಗೊತ್ತಿಲ್ಲದ್ದು.

ನಡುನೀರಿನಲ್ಲಿ ನಿಂತ.
ಬಹಳ ಹೊತ್ತು. ಡಿಸ್ಕನ್ನು ಮರೆತನೋ ಎಂದುಕೊಂಡೆ.
ನಾವು ಮೂವರೂ ಅವನ ಬೆನ್ನು ನೋಡುತ್ತ, ಕಾಫಿ ಆರುತ್ತ.
ಆಮೇಲೆ ಬಗ್ಗಿ, ಭುಜದವರೆಗೆ ತೋಳು ಒದ್ದೆ ಮಾಡಿಕೊಂಡು, ಎತ್ತಿ,
ಪ್ಯಾಂಟಿಗೆ ಒರೆಸಿ, ಬಂದ ದಾರಿಯಲ್ಲೇ ಬಂದ.

"ದಂಡ ಒಂದು," ಎಂದ ಹುಡುಗ, ಈ ಸಲ ಮೆಲ್ಲಗೆ.
"ಬರಿ, ಬರಿ," ಎಂದ ರೌನೊ. "ನೀರಂತೂ ನೀರೇ."